ಬೆಚ್ಚಗಿನ ಕೋಟು, ತಣ್ಣಗಿನ ಪ್ರಾರ್ಥನೆ

ಓದುವ ಭಾಗ: ಯಾಕೋಬ 2:14–17, ಅಪೊಸ್ತಲರ ಕೃತ್ಯಗಳು 9:36–42

ಈ ಚಳಿಯಲ್ಲೂ ಕುರ್ಡಿಯಿಂದ, ಸುತ್ತಮುತ್ತಲ ಹಳ್ಳಿಗಳಿಂದ, ಕ್ಯಾಂಪುಗಳಿಂದ ಬಂದು ಕೂತಿರುವ ನಿಮಗೋಸ್ಕರ ದೇವರಿಗೆ ಸ್ತೋತ್ರ. ಹಲ್ಲೆಲೂಯಾ.

ದೇವಜನರೇ, ಇವತ್ತು ನಿಮ್ಮ ತಪ್ಪು ತೋರಿಸೋದಕ್ಕೆ ನಾನು ನಿಂತಿಲ್ಲ. ನನ್ನ ತಪ್ಪು ಹೇಳಿಕೊಳ್ಳೋದಕ್ಕೆ ನಿಂತಿದ್ದೇನೆ. ಸ್ವಲ್ಪ ತಾಳ್ಮೆಯಿಂದ ಕೇಳ್ರಿ.

ಈ ತಿಂಗಳ ಕೊನೆಗೆ ದೆಹಲಿಯಲ್ಲಿ ಸೇವಕರ ಕೂಟ ಇದೆ, ನಾನು ಹೋಗ್ತಾ ಇದ್ದೇನೆ ಅಂತ ನಿಮಗೆ ಗೊತ್ತು. ಅಲ್ಲಿರುವ ಸಹೋದರರೊಬ್ಬರು ಫೋನ್ ಮಾಡಿ, "ಜನವರಿಯಲ್ಲಿ ಇಲ್ಲಿ ರಾತ್ರಿ 7–8 ಡಿಗ್ರಿ ಇರ್ತದೆ, ಒಳ್ಳೆ ಕೋಟು ತಗೊಂಡು ಬನ್ರಿ" ಅಂದರು. ನಾವು ರಾಯಚೂರು ಜಿಲ್ಲೆಯವರು. ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಬಿಸಿಲು ತಿಂದವರು. ಕೋಟು ಅಂದ್ರೆ ಮದುವೆಯಲ್ಲಿ ಗಂಡು ಹಾಕೋದು ಅಂತ ಮಾತ್ರ ನಮಗೆ ಗೊತ್ತು. ಹುಡುಕಲಿಕ್ಕೆ ರಾಯಚೂರಿಗೆ ಹೋದೆ.

ಮೊದಲನೇ ಸಲ ಒಂದು ಅಂಗಡಿಯಲ್ಲಿ ದಪ್ಪನೆಯ ಕೋಟು ತೋರಿಸಿದರು. ಬೆಚ್ಚಗಿತ್ತು. ಆದರೆ ಕನ್ನಡಿಯಲ್ಲಿ ನೋಡಿಕೊಂಡರೆ ರೈಸ್ ಮಿಲ್ ವಾಚ್‌ಮನ್ ಥರ ಕಾಣಿಸಿದೆ. ಬೇಡ ಅಂದೆ. ಎರಡನೇ ಸಲ ಇನ್ನೊಂದು ಅಂಗಡಿ. ಅಲ್ಲಿ ಸಿಕ್ಕಿದ್ದು ಬಹಳ ಚಂದ, ಸಿನಿಮಾದವರು ಹಾಕೋ ಥರ. ಆದರೆ ಒಳಗಿನ ಅಸ್ತರು ಪಂಚೆಯಷ್ಟು ತೆಳ್ಳಗೆ. ಅದೂ ಬೇಡ. ಮೂರನೇ ಸಲ ಚಳಿಗಾಲಕ್ಕೆ ಬಂದು ಸ್ವೆಟರ್ ಮಾರುವವರ ಹತ್ತಿರ ಹೋದೆ. ಲೂಧಿಯಾನದ ಮಾಲು ಅಂದರು. ಅಲ್ಲಿ ಸಿಕ್ಕಿತು ನೋಡ್ರಿ, ಕಂದು ಬಣ್ಣದ ಉಣ್ಣೆ ಕೋಟು. ಬೆಚ್ಚಗೂ ಇತ್ತು, ಚಂದಾನೂ ಇತ್ತು. 2,800 ರೂಪಾಯಿ. ಕೊಟ್ಟು ತಂದೆ. ನನ್ನ ಹೆಂಡತಿ ನೋಡಿ, "ಮೂರು ಸಲ ಬಸ್ ಚಾರ್ಜು ಬೇರೆ" ಅಂದಳು. ನಾನು ಕೇಳಿಸಿಕೊಳ್ಳಲಿಲ್ಲ.

ದೆಹಲಿ ತನಕ ಕಾಯೋ ತಾಳ್ಮೆ ನನಗೆ ಇರಲಿಲ್ಲ. ಮರುದಿನ ಬೆಳಗಿನ ಜಾವ ಐದು ಗಂಟೆ ಪ್ರಾರ್ಥನೆಗೆ ಆ ಕೋಟು ಹಾಕಿಕೊಂಡೇ ಬಂದೆ. ನೀವು ಕೆಲವರು ನೋಡಿದಿರಿ. ಅವತ್ತು ಬಂದಿದ್ದು ಆರೇ ಜನ. ನಾನು ಏನು ಬೋಧಿಸಿದೆ? ಚಳಿಗೆ ಹೆದರಿ ಮಲಗಿದವರು ಆತ್ಮದಲ್ಲೂ ಮಲಗಿದ್ದಾರೆ ಅಂತ ಬೋಧಿಸಿದೆ. ಕೋಟಿನ ಜೇಬಿನಲ್ಲಿ ಕೈ ಇಟ್ಟುಕೊಂಡು ಬೋಧಿಸಿದೆ.

ನಮ್ಮ ಸಭೆಯಲ್ಲಿ ಒಬ್ಬ ವಯಸ್ಸಾದ ತಾಯಿ ಇದ್ದಾರೆ. ಹೆಸರು ಹೇಳಲ್ಲ. ಎಷ್ಟೋ ವರ್ಷದಿಂದ ಬೆಳಗಿನ ಪ್ರಾರ್ಥನೆ ತಪ್ಪಿಸಿದವರಲ್ಲ. ಎರಡು ವಾರದಿಂದ ಅವರು ಬಂದಿರಲಿಲ್ಲ. ವಿಚಾರಿಸೋಣ ಅಂತ ಅವತ್ತೇ ಅವರ ಮನೆಗೆ ಹೋದೆ. ಅಂಗಳದಲ್ಲಿ ಹತ್ತಿಕಟ್ಟಿಗೆ ಉರಿ ಹಚ್ಚಿಕೊಂಡು, ಸೀರೆ ಸೆರಗು ಎರಡು ಸುತ್ತು ಸುತ್ತಿಕೊಂಡು ಕೂತಿದ್ದರು.

"ಯಾಕಮ್ಮಾ, ಪ್ರಾರ್ಥನೆಗೆ ಬರವಲ್ಲಿರಿ?" ಅಂದೆ.

"ಮಗಳು ಬಾಣಂತಿ ಅದಾಳ್ರಿ ಪಾಸ್ಟ್ರೇ. ಮನ್ಯಾಗ ಕಂಬಳಿ ಇರೋದು ಒಂದ. ತಾಯಿಗೂ ಕೂಸಿಗೂ ಅದನ್ನ ಹೊಚ್ಚೀನಿ. ನಾ ಏನ್ ಹೊಚ್ಕೊಂಡು ಬರ್ಲಿ? ಇಲ್ಲೇ ಉರಿ ಮುಂದ ಕುಂತು ಪ್ರಾರ್ಥನೆ ಮಾಡ್ತೀನ್ರಿ."

ಒಳಗೆ ನೋಡಿದೆ. ಕರಿ ಕಂಬಳಿ. ನಮ್ಮ ಕಡೆ ಕುರುಬರು ದಖ್ಖನಿ ಕುರಿಯ ಉಣ್ಣೆಯಿಂದ ನೇಯ್ದು, ಹುಣಸೆ ಬೀಜದ ಗಂಜಿ ಹಚ್ಚಿ ಗಟ್ಟಿ ಮಾಡ್ತಾರಲ್ಲ, ಅಂಥದ್ದು. ಎಷ್ಟೋ ವರ್ಷದ್ದು, ಅಂಚು ಹರಿದಿದೆ. ಅದರ ಕೆಳಗೆ ಕೂಸು ಮುಷ್ಟಿ ಬಿಗಿದು ನಿದ್ದೆ ಮಾಡ್ತಾ ಇತ್ತು.

ನಾನು ಏನು ಮಾಡಿದೆ ಗೊತ್ತಾ? ತಲೆ ಮೇಲೆ ಕೈಯಿಟ್ಟು, "ಕರ್ತನೇ, ಈ ಕುಟುಂಬವನ್ನು ಕಾಪಾಡು" ಅಂತ ಪ್ರಾರ್ಥನೆ ಮಾಡಿದೆ. ಆಮೆನ್ ಅಂದೆ. ಹೊರಟುಬಿಟ್ಟೆ.

ಬಸ್ ನಿಲ್ದಾಣದ ತನಕ ಬಂದೆ, ಅಲ್ಲಿ ಆತ್ಮನು ನನ್ನನ್ನು ನಿಲ್ಲಿಸಿದ. ಯಾಕೋಬನು ಪತ್ರಿಕೆಯಲ್ಲಿ ಬರೆದಿದ್ದು ಎದೆಗೆ ಬಡಿಯಿತು. ಬಟ್ಟೆ ಇಲ್ಲದ, ಊಟ ಇಲ್ಲದ ಸಹೋದರಿಗೆ ಬೇಕಾದದ್ದನ್ನು ಕೊಡದೆ, ಬೆಚ್ಚಗಿರು ಅಂತ ಬಾಯಲ್ಲಿ ಹರಸಿ ಕಳಿಸಿದರೆ ಏನು ಉಪಯೋಗ ಅಂತ ಕೇಳ್ತಾನೆ ಅವನು. ಅಂಥ ನಂಬಿಕೆ ಸತ್ತದ್ದು ಅಂತಾನೆ. ನಾನು ಆ ವಚನದ ಮೇಲೆ ಎಷ್ಟೋ ಸಲ ಪ್ರಸಂಗ ಮಾಡಿದ್ದೇನೆ. ಅವತ್ತು ಆ ವಚನ ನನ್ನ ಮೇಲೆ ಪ್ರಸಂಗ ಮಾಡಿತು. ಕೋಟಿಗೋಸ್ಕರ ರಾಯಚೂರಿಗೆ ಮೂರು ಸಲ ಹೋದವನು, ಎರಡು ವಾರ ಕಾಣದ ತಾಯಿಯ ಮನೆಗೆ ಒಂದು ಸಲವೂ ಹೋಗಿರಲಿಲ್ಲ. ಮಲಗಿದ್ದು ಆ ತಾಯಿ ಅಲ್ಲ, ನಾನು.

ಹಾಗಾದ್ರೆ ಕೋಟು ಹಾಕೋದು ಪಾಪವಾ ಪಾಸ್ಟ್ರೇ ಅಂತ ನೀವು ಕೇಳಬಹುದು. ಅಲ್ಲ. ಪೌಲನು ಸೆರೆಮನೆಯಿಂದ ತಿಮೊಥೆಯನಿಗೆ ಬರೆಯುವಾಗ, ತ್ರೋವದಲ್ಲಿ ಕರ್ಪನ ಮನೆಯಲ್ಲಿ ಬಿಟ್ಟುಬಂದ ಮೇಲಂಗಿ ತಗೊಂಡು ಬಾ, ಚಳಿಗಾಲಕ್ಕೆ ಮುಂಚೆ ಬಾ ಅಂತ ಕೇಳಿಕೊಂಡ. ಅಷ್ಟು ದೊಡ್ಡ ಅಪೊಸ್ತಲನಿಗೂ ಚಳಿ ಆಗ್ತಿತ್ತು. ಚಂದ ಇರೋದೂ ತಪ್ಪಲ್ಲ, ಹೊಲದ ಹೂವಿಗೆ ಅಂದದ ಉಡುಪು ತೊಡಿಸಿದವನು ನಮ್ಮ ದೇವರೇ. ಆದರೆ ಅದೇ ದೇವರು ಮೋಶೆಗೆ ಇನ್ನೊಂದು ಆಜ್ಞೆ ಕೊಟ್ಟ. ಬಡವನ ಹೊದಿಕೆಯನ್ನು ಅಡವು ಇಟ್ಟುಕೊಂಡರೆ ಹೊತ್ತು ಮುಳುಗುವುದರೊಳಗೆ ಹಿಂದಕ್ಕೆ ಕೊಟ್ಟುಬಿಡು, ಅವನಿಗೆ ಇರೋದು ಅದೊಂದೇ ಅಂದ. ಆಕಾಶ ಭೂಮಿ ಮಾಡಿದ ದೇವರು ಒಬ್ಬ ಬಡವ ರಾತ್ರಿ ಏನು ಹೊದ್ದು ಮಲಗ್ತಾನೆ ಅಂತ ಲೆಕ್ಕ ಇಡ್ತಾನೆ! ಸ್ತೋತ್ರ ಹೇಳ್ರಿ!

ಯೊಪ್ಪದಲ್ಲಿ ತಬಿಥಾ ತೀರಿಕೊಂಡಾಗ ವಿಧವೆಯರು ಅಳುತ್ತಾ ಪೇತ್ರನಿಗೆ ಏನು ತೋರಿಸಿದರು? ಆಕೆ ತನಗೆ ಕೊಂಡುಕೊಂಡ ಬಟ್ಟೆ ಅಲ್ಲ, ತಮಗೆ ಹೊಲಿದುಕೊಟ್ಟ ಬಟ್ಟೆ. ನಾಳೆ ನಾನು ತೀರಿಹೋದರೆ ಯಾರು ಏನು ತೋರಿಸ್ತಾರೆ? ಈ ಕಂದು ಕೋಟನ್ನಾ?

ಅವತ್ತು ನಾನು ಮನೆಗೆ ಹೋಗಿ ಹೆಂಡತಿಗೆ ಎಲ್ಲಾ ಹೇಳಿದೆ. ಆಕೆ ಏನೂ ಮಾತಾಡಲಿಲ್ಲ. ಟ್ರಂಕು ತೆಗೆದು, ತನ್ನ ತಾಯಿ ಹಳೇ ಸೀರೆಗಳಿಂದ ಹೊಲಿದುಕೊಟ್ಟಿದ್ದ ಕೌದಿ ತೆಗೆದಳು. ಕೆಂಪು, ಹಸಿರು, ಹಳದಿ ತುಂಡುಗಳು, ಅಂಗೈ ಅಗಲದಲ್ಲಿ ಎಷ್ಟು ಹೊಲಿಗೆ! ಬೆಚ್ಚಗೂ ಇತ್ತು, ಚಂದಾನೂ ಇತ್ತು. ನಾನು ರಾಯಚೂರೆಲ್ಲಾ ಹುಡುಕಿದ್ದು ನಮ್ಮ ಟ್ರಂಕಿನಲ್ಲೇ ಮಡಚಿಕೊಂಡು ಇತ್ತು. ಇಬ್ಬರೂ ಹೋಗಿ ಕೊಟ್ಟು ಬಂದೆವು. ಪ್ರಾರ್ಥನೆಗೆ ಬರದವರ ಬಗ್ಗೆ ನಾನು ಆಡಿದ ಮಾತಿಗೆ ಆ ತಾಯಿಯ ಹತ್ತಿರ ಕ್ಷಮೆ ಕೇಳಿದೆ. ಇವತ್ತು ನಿಮ್ಮ ಹತ್ತಿರವೂ ಕೇಳ್ತೇನೆ.

ಬರುವ ಭಾನುವಾರ ಮನೆಯಲ್ಲಿ ಮಡಚಿಟ್ಟ ಕೌದಿ, ಕಂಬಳಿ, ಸ್ವೆಟರ್ ಏನಿದ್ದರೂ ಒಗೆದು ತನ್ನಿ. ಹರಿದದ್ದು ಬೇಡ, ನೀವು ಹೊದೆಯುವಂಥದ್ದೇ ತನ್ನಿ. ಮೊದಲು ನಿಮ್ಮ ಪಕ್ಕದ ಮನೆ ನೋಡ್ರಿ. ಅವರು ಸಭೆಯವರೋ ಅಲ್ಲವೋ ಅಂತ ಕೇಳಬೇಡ್ರಿ.

ಕಣ್ಣು ಮುಚ್ಚಿ, ಪ್ರಾರ್ಥನೆ ಮಾಡೋಣ. ಕರ್ತನೇ, ನಮ್ಮ ಬಾಯಿ ಹರಸಿದ್ದನ್ನು ನಮ್ಮ ಕೈಯೂ ಮಾಡಲಿ. ಈ ರಾತ್ರಿ ನಮ್ಮ ಊರಲ್ಲಿ ಯಾರೂ ಚಳಿಗೆ ಎದ್ದು ಕೂರದ ಹಾಗೆ ನಮ್ಮನ್ನು ಕಳಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.