ಕಳೆದ ಕಾಲದ ಹಂಬಲವೂ ಸತ್ಯದ ಹಂಗೂ

ಪೆಪ್ಪರಮೆಂಟು ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ವಯಸ್ಸಿನವರಿಗೆ ಕಿರಾಣಿ ಅಂಗಡಿಯ ಗಾಜಿನ ಭರಣಿ ನೆನಪಾಗುವುದು ಸಹಜ. ಇದೇ ಹೆಸರಿನ ಗ್ರೀಕ್ ಚಲನಚಿತ್ರವೊಂದಿದೆ. ಕೋಸ್ತಾಸ್ ಕಪಾಕಾಸ್ ಅವರು ನಿರ್ದೇಶಿಸಿದ ಮೊದಲ ಕಥಾಚಿತ್ರವಾದ ‘ಪೆಪ್ಪರ್‌ಮಿಂಟ್’ ತೆರೆಗೆ ಬಂದುದು 1999ರಲ್ಲಿ. ನಡುವಯಸ್ಸಿನ ಒಬ್ಬ ವಿಮಾನ ಎಂಜಿನಿಯರು 1960ರ ದಶಕದ ಅಥೆನ್ಸಿನಲ್ಲಿ ಕಳೆದ ತನ್ನ ಬಾಲ್ಯವನ್ನೂ, ಬಂಧುವಾದ ಮರೀನಾಳ ಮೇಲಿದ್ದ ಮೊದಲ ಒಲವನ್ನೂ ನೆನೆಯುವುದೇ ಅದರ ವಸ್ತು. ಇಂಥ ಕಥೆ ಮನಸ್ಸನ್ನು ಮೃದುಗೊಳಿಸುತ್ತದೆ. ಜೊತೆಗೆ ಒಂದು ಪ್ರಶ್ನೆಯನ್ನೂ ಉಳಿಸುತ್ತದೆ. ಕಳೆದ ಕಾಲಕ್ಕಾಗಿ ಹಂಬಲಿಸುವಾಗ ನಾವು ಸತ್ಯವನ್ನೇ ನುಡಿಯುತ್ತೇವೆಯೇ?

ಈ ಹಂಬಲಕ್ಕಿರುವ ‘ನಾಸ್ಟಾಲ್ಜಿಯಾ’ ಎಂಬ ಹೆಸರಿನಲ್ಲಿ ಎರಡು ಗ್ರೀಕ್ ಪದಗಳಿವೆ: ‘ನೋಸ್ತೋಸ್’ ಎಂದರೆ ಮರಳುವಿಕೆ, ‘ಆಲ್ಗೋಸ್’ ಎಂದರೆ ನೋವು. ಇವೆರಡನ್ನು ಬೆಸೆದವನು ಬಾಸೆಲ್ ನಗರದಲ್ಲಿ ವೈದ್ಯಶಾಸ್ತ್ರ ಓದುತ್ತಿದ್ದ ಯೊಹಾನೆಸ್ ಹೋಫರ್, 1688ರಲ್ಲಿ. ಊರನ್ನು ಅಗಲಿದವರ ಕಾಯಿಲೆಗೆ ಅವನಿಟ್ಟ ಹೆಸರದು. ಊರಿಗಾದರೆ ಮರಳಬಹುದು, ಕಾಲಕ್ಕೆ ಮರಳುವ ದಾರಿಯಿಲ್ಲ. ಹೋಮರನ ಕಾವ್ಯದಲ್ಲಿ 20 ವರ್ಷಗಳ ಬಳಿಕ ಇಥಾಕಾಕ್ಕೆ ಬಂದಿಳಿದ ಒಡಿಸ್ಯೂಸನು, ಅಥೀನಾ ದೇವಿ ಕವಿಸಿದ ಮಂಜಿನಲ್ಲಿ ತನ್ನ ನೆಲವನ್ನೇ ಗುರುತಿಸದೆ ಹೋಗುತ್ತಾನೆ. ನೆನಪೂ ಅಂಥದೊಂದು ಮಂಜು.

ಹಳೆಯ ಅಥೆನ್ಸಿನ ಅಂಗಳದ ಮನೆಗಳನ್ನೇ ನೋಡೋಣ. ಯುದ್ಧಾನಂತರದ ದಶಕಗಳಲ್ಲಿ ಅವುಗಳಲ್ಲಿ ಬಹಳಷ್ಟನ್ನು ಕೆಡವಿದವರು ಶತ್ರುಗಳಲ್ಲ. ಮನೆಯೊಡೆಯನು ತನ್ನ ನಿವೇಶನವನ್ನು ಗುತ್ತಿಗೆದಾರನಿಗೆ ಒಪ್ಪಿಸುವುದು, ಆತ ಅಲ್ಲಿ ಬಹುಮಹಡಿ ಕಟ್ಟಡವನ್ನೆಬ್ಬಿಸಿ ಹಣದ ಬದಲು ಕೆಲವು ಫ್ಲ್ಯಾಟುಗಳನ್ನು ಕೊಡುವುದು, ಹೀಗೊಂದು ಪದ್ಧತಿ ಬೆಳೆಯಿತು. ಒಂದೇ ಕಟ್ಟಡದ ಮಹಡಿಗಳಿಗೆ ಬೇರೆಬೇರೆ ಒಡೆಯರಿರಲು 1929ರ ಕಾನೂನೇ ಅವಕಾಶ ನೀಡಿತ್ತು. ಅಂಗಳಕ್ಕಾಗಿ ಮರುಗಿದವರಲ್ಲಿ ಅದನ್ನು ತಾವೇ ಒಪ್ಪಿ ಕೊಟ್ಟವರೂ ಇದ್ದರು. ಇದನ್ನು ತಪ್ಪೆನ್ನಲೂ ಬಾರದು. 1949ರಲ್ಲಿ ಮುಗಿದ ಅಂತರ್ಯುದ್ಧದ ಬಳಿಕ ಹಳ್ಳಿ ಬಿಟ್ಟು ಬಂದವರಿಗೆ ಆ ಕಟ್ಟಡಗಳೇ ಸೂರಾದವು.

ಇನ್ನೊಂದು ಮಾತು. 1967ರ ಏಪ್ರಿಲ್ 21ರಂದು ಸೇನಾಧಿಕಾರಿಗಳು ಗ್ರೀಸಿನ ಆಡಳಿತವನ್ನು ಕಸಿದುಕೊಂಡರು, 1974ರವರೆಗೂ ಬಿಡಲಿಲ್ಲ. ಒಂದು ಬೀದಿಯ ಮಕ್ಕಳು ಆಟದಲ್ಲಿ ಮೈಮರೆತಿದ್ದಾಗ ಇನ್ನೊಂದು ಮನೆಯ ತಂದೆ ಯಾರೋಸ್ ದ್ವೀಪದಲ್ಲಿ ಸೆರೆಯಲ್ಲಿದ್ದಿರಬಹುದು. ದಶಕ ಒಂದೇ, ನೆನಪು ಎರಡು.

ಆದುದರಿಂದ ಹಂಬಲವು ಎರಡು ಪ್ರಶ್ನೆಗಳಿಗೆ ಉತ್ತರ ಹೇಳಬೇಕು: ಆ ಕಾಲ ಯಾರಿಗೆ ಚೆನ್ನಾಗಿತ್ತು? ಅದು ಕಳೆದುದರಲ್ಲಿ ನಮ್ಮ ಕೈ ಎಷ್ಟು? ಮಗುವಿನ ಸಂತೋಷ ಸುಳ್ಳಲ್ಲ. ಆ ಸಂತೋಷವನ್ನೇ ಇಡೀ ಕಾಲದ ತೀರ್ಪೆಂದು ಸಾರಿದಾಗ ಅಸತ್ಯ ಮೊದಲಾಗುತ್ತದೆ.

ಈ ಮಾತು ಮೊದಲು ನಮಗೇ ತಾಗುತ್ತದೆ. ಹಳೆಯ ವಿದ್ಯಾರ್ಥಿಗಳು ಮನೆಗೆ ಬಂದು, ‘ಆ ಕಾಲವೇ ಚೆನ್ನಾಗಿತ್ತು ಸಾರ್’ ಎಂದಾಗ ನಾವೂ ಹಿಗ್ಗಿ ತಲೆದೂಗಿದವರೇ. ಬರುವವರು ಓದಿ ಮುಂದೆ ಹೋದವರು. ನಡುವೆ ಶಾಲೆ ಬಿಟ್ಟ ಮಕ್ಕಳು, ಅವರಲ್ಲೂ ಹೆಣ್ಣುಮಕ್ಕಳು, ಹಾಗೆನ್ನಲು ಎಂದೂ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮೇಲೆ ಕೆಂಪು ಗೆರೆ ಎಳೆದುದು ನಮ್ಮದೇ ಲೇಖನಿ. ಇನ್ನು ಮುಂದೆ ಯಾರಾದರೂ ಬಂದರೆ, ‘ನಿನ್ನ ಪಕ್ಕದಲ್ಲಿ ಕುಳಿತಿದ್ದವರು ಈಗ ಎಲ್ಲಿದ್ದಾರಪ್ಪಾ?’ ಎಂದು ಕೇಳಬೇಕೆಂದಿದ್ದೇವೆ.