ಮನ್ನ ಮತ್ತು ಮಗುವಿನ ತಟ್ಟೆ



ಮರುಭೂಮಿಯಲ್ಲಿ ಇಸ್ರಯೇಲರಿಗೆ ದೇವರು ಆಹಾರ ಸುರಿಸಿದ ಮೊದಲ ಬೆಳಿಗ್ಗೆ ಅವರ ಬಾಯಿಂದ ಬಂದದ್ದು ಸ್ತುತಿಯಲ್ಲ. ಇಬ್ಬನಿ ಆರಿದ ಮೇಲೆ ನೆಲದ ಮೇಲೆ ಉಳಿದಿದ್ದ ತೆಳ್ಳನೆಯ ಪದಾರ್ಥವನ್ನು ಕಂಡು 'ಇದೇನು?' ಎಂದು ಒಬ್ಬರನ್ನೊಬ್ಬರು ಕೇಳಿದರು. 'ಮನ್ನ' ಎಂಬ ಹೆಸರನ್ನು ವಿಮೋಚನಕಾಂಡದ 16ನೆಯ ಅಧ್ಯಾಯವು ಹಿಬ್ರೂ ಭಾಷೆಯ ಆ ಪ್ರಶ್ನೆಗೇ ಜೋಡಿಸುತ್ತದೆ. ಮೂರು ವರ್ಷದ ಮಗುವಿನ ಮುಂದೆ ಮೊದಲ ಸಲ ಬದನೆಕಾಯಿ ಪಲ್ಯ ಬಡಿಸಿ ನೋಡಿ. ಅದೇ ಪ್ರಶ್ನೆ, ಅದೇ ಮುಖ!

ಮುಂದೆ ಆ ಜನ ಇನ್ನೂ ಹಟ ಹಿಡಿದರು. ಈಜಿಪ್ಟಿನಲ್ಲಿ ತಿಂದ ಮೀನು, ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿಗಳನ್ನು ನೆನೆದು, ದಿನಾ ಈ ಮನ್ನವನ್ನೇ ನೋಡಿ ಸಾಕಾಯಿತು ಎಂದು ಗೋಳಾಡಿದ ಕಥೆ ಸಂಖ್ಯಾಕಾಂಡದ 11ನೆಯ ಅಧ್ಯಾಯದಲ್ಲಿದೆ. ದೇವರಿಗೆ ಕೋಪ ಬಂದದ್ದೂ ನಿಜ, ಅದನ್ನು ಮರೆಮಾಚಬೇಕಾಗಿಲ್ಲ. ಅವರು ಮಕ್ಕಳಲ್ಲ, ಬಿಡುಗಡೆಯನ್ನೇ ಬೇಡವೆಂದು ದಾಸತ್ವದ ಊಟಕ್ಕೆ ಆಸೆಪಟ್ಟ ದೊಡ್ಡವರು. ಆದರೂ ಮನ್ನ ನಿಂತುಹೋಗಲಿಲ್ಲ. ಕಾನಾನ್ ನಾಡಿನ ಬೆಳೆಯನ್ನು ಉಣ್ಣುವವರೆಗೆ, ನಲವತ್ತು ವರ್ಷ, ಗೊಣಗುವವರಿಗೂ ಗೊಣಗದವರಿಗೂ ಅದು ಸಿಕ್ಕಿತು. ಅಳತೆಯ ವಿಷಯದಲ್ಲಿ ಒಂದು ಸೂಕ್ಷ್ಮವೂ ಅಲ್ಲಿದೆ: ಪ್ರತಿಯೊಬ್ಬನೂ ತಾನು ಉಣ್ಣುವಷ್ಟು ಕೂಡಿಸಿಕೊಳ್ಳಬೇಕಾಗಿತ್ತು, ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ಬಡಿಸಿದವನು ದೇವರು. ಹಸಿವನ್ನು ಬಲ್ಲವನು ಉಣ್ಣುವವನು.

ಈಗ ನಮ್ಮ ಮನೆಗಳಿಗೆ ಬರೋಣ. ಮನೆ ಆಶೀರ್ವಾದಕ್ಕೆ ಹೋದಾಗ ನಾನು ಎಷ್ಟೋ ಸಲ ಕೇಳಿರುವ ಮಾತು ಇದು: "ನೋಡು ಪುಟ್ಟಾ, ಫಾದರ್ ಬಂದಿದ್ದಾರೆ, ಬೇಗ ತಿಂದ್ಬಿಡು, ಇಲ್ಲಾಂದ್ರೆ ಹಿಡ್ಕೊಂಡು ಹೋಗ್ತಾರೆ." ಗುರುಗಳಾದ ನಮಗೆ ಮಕ್ಕಳನ್ನು ಹಿಡಿದುಕೊಂಡು ಹೋಗುವ ಕೆಲಸವನ್ನು ಯಾವ ಬಿಷಪರು ವಹಿಸಿದರೋ ಗೊತ್ತಿಲ್ಲ. ಇದನ್ನು ನಕ್ಕು ಬಿಡಬಹುದು. ಆದರೆ "ತಟ್ಟೇಲಿ ಬಿಟ್ರೆ ಯೇಸುಸ್ವಾಮಿಗೆ ಕೋಪ ಬರುತ್ತೆ" ಎಂಬ ಮಾತನ್ನು ನಕ್ಕು ಬಿಡಲಾಗದು. ಮಗುವಿಗೆ ಅದು ತಮಾಷೆಯಲ್ಲ. ತುತ್ತು ಗಂಟಲಲ್ಲಿ ಇಳಿಯದಿರುವಾಗ ತನ್ನ ಮೇಲೆ ಸಿಟ್ಟಾಗುವ ಒಬ್ಬ ದೇವರನ್ನು ಅದು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತದೆ. ಇದೇ ಮಗುವನ್ನು ಐದಾರು ವರ್ಷಗಳ ನಂತರ ಬಿಳಿ ಉಡುಪು ತೊಡಿಸಿ ಪ್ರಥಮ ಪರಮಪ್ರಸಾದಕ್ಕೆ ಕರೆತರುತ್ತೇವೆ; ಪ್ರಭುವಿನ ಭೋಜನದ ಮೇಜಿಗೆ ಪ್ರೀತಿಯಿಂದ ಬಾ ಎನ್ನುತ್ತೇವೆ. ಮನೆಯ ಊಟದ ಮೇಜಿನಲ್ಲಿ ಪ್ರಭುವಿನ ಹೆಸರು ಬೆದರಿಕೆಯಾಗಿದ್ದರೆ, ಪೀಠದ ಮುಂದೆ ಅದು ಹೇಗೆ ಪ್ರೀತಿಯಾದೀತು?

ಧರ್ಮಸಭೆಯೇ ಈ ವಿಷಯದಲ್ಲಿ ಮಕ್ಕಳ ಮೇಲೆ ಬಲವಂತ ಮಾಡುವುದಿಲ್ಲ. 1983ರ ಧರ್ಮಸಭಾ ಕಾನೂನು ಸಂಹಿತೆಯ ಪ್ರಕಾರ ಮಾಂಸವರ್ಜನೆಯ ನಿಯಮ ಹದಿನಾಲ್ಕು ವರ್ಷ ತುಂಬಿದವರಿಗೆ. ಉಪವಾಸದ ನಿಯಮ ಪ್ರಾಯಕ್ಕೆ ಬಂದವರಿಗೆ. ಅದಕ್ಕಿಂತ ಚಿಕ್ಕವರಿಗೆ ಪ್ರಾಯಶ್ಚಿತ್ತದ ಅರ್ಥವನ್ನು ತಿಳಿಸಿಕೊಡಿ ಎಂದು ಗುರುಗಳಿಗೂ ತಂದೆತಾಯಂದಿರಿಗೂ ಹೇಳಲಾಗಿದೆ, ಅಷ್ಟೆ.

"ಫಾದರ್, ನೀವು ಹೇಳ್ತೀರಿ, ಮಗು ಸೊರಗಿಹೋದ್ರೆ?" ಎಂದು ತಾಯಂದಿರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಮೂರು ಕಿಲೋ ತೂಕದಲ್ಲಿ ಹುಟ್ಟಿದ ಕೂಸು ಒಂದು ವರ್ಷಕ್ಕೆ ಸುಮಾರು ಒಂಬತ್ತು ಕಿಲೋ ಆಗುತ್ತದೆ, ಎಂದರೆ ಮೂರು ಪಟ್ಟು. ಎರಡನೆಯ ವರ್ಷದಲ್ಲಿ ಅದು ಕೂಡಿಸಿಕೊಳ್ಳುವುದು ಎರಡು, ಎರಡೂವರೆ ಕಿಲೋ ಮಾತ್ರ. ಬೆಳವಣಿಗೆಯ ವೇಗ ತಗ್ಗಿದಾಗ ಹಸಿವೂ ತಗ್ಗುತ್ತದೆ. ಮೊನ್ನೆ ಮೊನ್ನೆಯವರೆಗೆ ಬಾಯಿ ತೆರೆದುಕೊಂಡು ತಿನ್ನುತ್ತಿದ್ದ ಮಗು ಈಗ ಮುಖ ತಿರುಗಿಸಿದರೆ ಕಣ್ಣು ಬಿತ್ತೆಂದು ಮೆಣಸಿನಕಾಯಿ ನಿವಾಳಿಸಬೇಕಾಗಿಲ್ಲ. ಹೊಸ ರುಚಿಯನ್ನು ಕಂಡರೆ ಹೆದರುವುದೂ ಎರಡರಿಂದ ಆರು ವರ್ಷದ ನಡುವೆ ಬಹುಪಾಲು ಮಕ್ಕಳಲ್ಲಿ ಇರುವ ಸ್ವಭಾವ. ಇನ್ನೊಂದು ಕಾರಣವಿದೆ: ಊಟ ಸೇರುವುದಿಲ್ಲವೆಂದು ಲೋಟ ಲೋಟ ಹಾಲು, ನಡುನಡುವೆ ಬಿಸ್ಕತ್ತು ಕೊಡುತ್ತಾ ಹೋದರೆ ಊಟದ ಹೊತ್ತಿಗೆ ಹಸಿವು ಎಲ್ಲಿಂದ ಬರಬೇಕು? ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಈ ವಯಸ್ಸಿಗೆ ಬೇಡ.

ಮನ್ನದ ಪಾಠವನ್ನೇ ಈ ಕಾಲದ ವಿಜ್ಞಾನಿಗಳು ಬೇರೆ ದಾರಿಯಲ್ಲಿ ಕಂಡುಕೊಂಡಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಯಾನ್ ಬರ್ಚ್ ಮತ್ತು ಅವರ ಸಹೋದ್ಯೋಗಿ 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ವರ್ಷದ ಮಕ್ಕಳಿಗೆ ಹೊಸ ತಿನಿಸುಗಳನ್ನು ಎರಡು ಸಲದಿಂದ ಹಿಡಿದು ಇಪ್ಪತ್ತು ಸಲದವರೆಗೆ ರುಚಿ ತೋರಿಸಿದರು. ಹೆಚ್ಚು ಸಲ ರುಚಿ ನೋಡಿದ ತಿನಿಸನ್ನೇ ಮಕ್ಕಳು ಹೆಚ್ಚು ಇಷ್ಟಪಟ್ಟರು. ನಾವಾದರೋ ಎರಡು ಸಲ ಬಡಿಸಿ, "ನಮ್ಮ ಮಗೂಗೆ ಸೊಪ್ಪು ಸೇರಲ್ಲ" ಎಂದು ನೆಂಟರಿಗೆಲ್ಲ ಸಾರಿಬಿಡುತ್ತೇವೆ. ಮಗುವೂ ಅದನ್ನೇ ನಂಬುತ್ತದೆ. ಬಲವಂತದಂತೆ ಲಂಚವೂ ಕೆಲಸಕ್ಕೆ ಬಾರದು. ಇದನ್ನು ಮುಗಿಸಿದರೆ ಬಹುಮಾನ ಎಂದಾಗ ಮಕ್ಕಳಿಗೆ 'ಇದರ' ಮೇಲಿನ ಇಷ್ಟ ಕಡಿಮೆಯಾದದ್ದನ್ನು ಬರ್ಚ್ ಅವರ ತಂಡ 1984ರಲ್ಲಿ ತೋರಿಸಿತು. ಪಲ್ಯ ತಿಂದರೆ ಚಾಕೊಲೇಟು ಎಂದಾಗ ಮಗುವಿಗೆ ತಿಳಿಯುವುದು ಇಷ್ಟೇ: ಪಲ್ಯ ಶಿಕ್ಷೆ, ಚಾಕೊಲೇಟು ಸ್ವರ್ಗ. ಮೊಬೈಲು ತೋರಿಸಿ ಬಾಯಿಗೆ ತುರುಕುವುದಂತೂ ಇನ್ನೂ ಕೆಟ್ಟದ್ದು. ಮಗುವಿಗೆ ತಾನು ಏನು ತಿಂದೆನೆಂಬುದೇ ಗೊತ್ತಾಗುವುದಿಲ್ಲ.

ಹಾಗಾದರೆ ಸುಮ್ಮನಿರುವುದೇ? ಇಲ್ಲ. ಅಡುಗೆಮನೆಯ ಬಾಗಿಲು ತೆರೆಯಿರಿ.

ಬೆಂಗಳೂರು, ಕೋಲಾರದ ಕಡೆ ಚಳಿಗಾಲದಲ್ಲಿ ಅವರೆಕಾಯಿ ಬರುತ್ತದಲ್ಲ. ಕಾಯಿ ಬಿಡಿಸಿ, ಕಾಳನ್ನು ನೀರಿನಲ್ಲಿ ನೆನೆಸಿ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದೊಂದನ್ನೇ ಹಿತುಕಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಚಿಮ್ಮಿ ಹಾರುತ್ತದೆ. ಇದಕ್ಕಿಂತ ಒಳ್ಳೆಯ ಆಟ ಅಂಗಡಿಯಲ್ಲಿ ಸಿಗದು. ಅರ್ಧ ಬೇಳೆ ಪಾತ್ರೆಗೆ ಬೀಳುತ್ತದೆ, ಅರ್ಧ ನೆಲಕ್ಕೆ. ಬೀಳಲಿ, ತೊಳೆದರಾಯಿತು. ತಾನು ಹಿತುಕಿದ ಬೇಳೆ ಸಾರಿನಲ್ಲಿ ತೇಲುವುದನ್ನು ಕಂಡ ಮಗು 'ಇದೇನು?' ಎಂದು ಕೇಳುವುದಿಲ್ಲ. 'ಇದು ನಂದು' ಎನ್ನುತ್ತದೆ. ಎರಡು ಮೂರು ವರ್ಷದವರಿಗೆ ಕೊತ್ತಂಬರಿ ಸೊಪ್ಪು ಬಿಡಿಸಲು, ಟೊಮೇಟೊ ತೊಳೆಯಲು, ಚಪಾತಿ ಹಿಟ್ಟಿನ ಒಂದು ಉಂಡೆಯನ್ನು ಬೇಕಾದ ಹಾಗೆ ತಟ್ಟಲು ಕೊಡಿ. ಐದಾರು ವರ್ಷದವರು ಬೆಂದು ಆರಿದ ಆಲೂಗಡ್ಡೆ ಸುಲಿಯಬಲ್ಲರು, ನಿಂಬೆಹಣ್ಣು ಹಿಂಡಬಲ್ಲರು, ಕೋಸಂಬರಿ ಕಲಸಬಲ್ಲರು. ಕೈ ತೊಳೆಸಿ ಕೂರಿಸಿ. ಒಲೆ, ಕುಕ್ಕರು, ಕಾದ ಎಣ್ಣೆ, ಈಳಿಗೆಮಣೆ ಇವುಗಳಿಂದ ದೂರ, ನೆಲದ ಮೇಲೆ ಒಂದು ಚಾಪೆ ಹಾಸಿದರೆ ಅದೇ ಅವರ ಅಡುಗೆಮನೆ. ಇಡೀ ಕಡಲೆಕಾಯಿ ಬೀಜ, ಹಸಿ ಬಟಾಣಿಯಂಥವುಗಳನ್ನು ಪುಟ್ಟ ಮಕ್ಕಳು ಬಾಯಿಗೆ ಹಾಕಿಕೊಳ್ಳದಂತೆ ಕಣ್ಣಿಡಿ, ಗಂಟಲಿಗೆ ಸಿಕ್ಕಿಬಿಡುತ್ತವೆ.

ನಮ್ಮ ಹಿರಿಯರಿಗೆ ಇದು ಹೊಸದಲ್ಲ. ಕ್ರಿಸ್ಮಸ್ಸಿಗೆ ಮುಂಚೆ ಕಲ್ಕಲ್ ಮಾಡಲು ಮನೆಯವರೆಲ್ಲ ಹಳೆಯ ಪೇಪರು ಹಾಸಿಕೊಂಡು ಕೂರುತ್ತಿದ್ದರು. ಹಿಟ್ಟಿನ ಸಣ್ಣ ಉಂಡೆಯನ್ನು ಹೊಸ ಬಾಚಣಿಗೆಯ ಮೇಲೋ ಫೋರ್ಕಿನ ಮೇಲೋ ಒತ್ತಿ ಸುರುಳಿ ಸುತ್ತುವುದು ಮಕ್ಕಳ ಪಾಲಿನ ಕೆಲಸ. ಈಗ ಡಬ್ಬಿಗಟ್ಟಲೆ ಬೇಕರಿಯಿಂದ ಬರುತ್ತದೆ. ಮಂಗಳೂರು ಕಡೆಯ ಕಥೋಲಿಕ ಮನೆಗಳಲ್ಲಿ ಸೆಪ್ಟೆಂಬರ್ 8ರಂದು, ಕನ್ಯಾಮರಿಯಮ್ಮನವರ ಜನನದ ಹಬ್ಬಕ್ಕೆ, ಒಂಬತ್ತು ದಿನ ಹೂ ಅರ್ಪಿಸಿದ ಮಕ್ಕಳು ಕೊನೆಗೆ ಆಶೀರ್ವದಿಸಿದ ಭತ್ತದ ತೆನೆಯೊಂದಿಗೆ ಮನೆಗೆ ಬರುತ್ತಾರೆ. ಆ ಹೊಸ ಕಾಳನ್ನು ಹಾಲಿಗೋ ಪಾಯಸಕ್ಕೋ ಸೇರಿಸಿ ಎಲ್ಲರೂ ಹಂಚಿಕೊಳ್ಳುತ್ತಾರೆ. ಅಂದು ಮಾಂಸವಿಲ್ಲ, ಹರಿವೆ, ಬೆಂಡೆ, ಕೆಸುವಿನಂಥ ತರಕಾರಿಗಳದೇ ಊಟ. ತೆನೆಯನ್ನು ಮನೆಗೆ ಬರಮಾಡಿಕೊಂಡ ಮಗುವಿಗೆ ಅಂದಿನ ಊಟದಲ್ಲಿ ತನ್ನದೂ ಒಂದು ಪಾಲಿದೆ ಎನ್ನಿಸಿರುತ್ತದೆ. ಯೊವಾನ್ನರ ಶುಭಸಂದೇಶದಲ್ಲಿ ಐದು ಸಾವಿರ ಜನರ ಊಟ ಆರಂಭವಾದದ್ದೂ ಒಬ್ಬ ಹುಡುಗನ ಕೈಯಲ್ಲಿದ್ದ ಐದು ಜವೆಗೋದಿಯ ರೊಟ್ಟಿ, ಎರಡು ಮೀನಿನಿಂದ.

ತಂದೆಯರಿಗೂ ಒಂದು ಮಾತು. ಅಡುಗೆ ಹೆಂಗಸರ ಪಾಡು ಎನ್ನುವವರು ಅದೇ ಶುಭಸಂದೇಶದ 21ನೆಯ ಅಧ್ಯಾಯವನ್ನು ಓದಿಕೊಳ್ಳಲಿ. ಪುನರುತ್ಥಾನರಾದ ಪ್ರಭು ಸರೋವರದ ದಡದಲ್ಲಿ ಕೆಂಡದ ಮೇಲೆ ಮೀನಿಟ್ಟು, ರಾತ್ರಿಯಿಡೀ ದುಡಿದು ಬಂದ ಶಿಷ್ಯರನ್ನು ಊಟಕ್ಕೆ ಕರೆದರು. ತನ್ನನ್ನು ಮೂರು ಸಲ ನಿರಾಕರಿಸಿದ ಪೇತ್ರನನ್ನು ಮಾತನಾಡಿಸಿದ್ದು ಊಟವಾದ ಮೇಲೆ. ನಾವು ಊಟಕ್ಕೆ ಕೂರಿಸಿಕೊಂಡೇ ಅಂಕಪಟ್ಟಿ ತೆಗೆಯುತ್ತೇವೆ.

ಅನ್ನ ಚೆಲ್ಲಬಾರದೆಂಬುದನ್ನು ಕಲಿಸಬೇಡವೇ ಎಂದು ಕೇಳಬಹುದು. ಕಲಿಸಬೇಕು. ಆದರೆ "ಎಷ್ಟೋ ಮಕ್ಕಳಿಗೆ ಊಟವಿಲ್ಲ, ನೀನು ಚೆಲ್ತೀಯಾ" ಎಂದು ಗದರಿ ತುರುಕಿದ ತುತ್ತಿನಿಂದ ಹಸಿದ ಒಂದು ಮಗುವಿನ ಹೊಟ್ಟೆಯೂ ತುಂಬುವುದಿಲ್ಲ. ಮೊದಲು ಒಂದೇ ಚಮಚ ಬಡಿಸಿ. ಬೇಕಾದರೆ ಮತ್ತೆ ಕೇಳಲಿ. ಅಕ್ಕಿ ಅಳೆಯುವಾಗ ಮಗುವಿನ ಪುಟ್ಟ ಕೈಯಿಂದಲೇ ಒಂದು ಹಿಡಿ ತೆಗೆಸಿ ಬೇರೆ ಡಬ್ಬಿಗೆ ಹಾಕಿಸಿ, ತಿಂಗಳ ಕೊನೆಗೆ ಬೇಕಾದವರಿಗೆ ಅದರ ಕೈಯಿಂದಲೇ ಕೊಡಿಸಿ. ತಪಸ್ಸುಕಾಲಕ್ಕೆ ಕಾಯಬೇಕಾಗಿಲ್ಲ.

ಮಗುವಿನ ತೂಕ ಇಳಿಯುತ್ತಿದ್ದರೆ, ನುಂಗುವಾಗ ಪದೇ ಪದೇ ಉಸಿರು ಕಟ್ಟಿದಂತಾದರೆ, ಬೆರಳೆಣಿಕೆಯ ತಿನಿಸು ಬಿಟ್ಟು ಬೇರೇನನ್ನೂ ತಿಂಗಳುಗಟ್ಟಲೆ ಮುಟ್ಟದಿದ್ದರೆ, ಅದು ಹಟವಲ್ಲ. ಹರಕೆಯ ಜೊತೆಗೆ ಮಕ್ಕಳ ವೈದ್ಯರ ಬಳಿಗೂ ಹೋಗಿ. ಯಾಯೀರನ ಮಗಳನ್ನು ಎಬ್ಬಿಸಿದ ಪ್ರಭು, ಬೆರಗಾಗಿ ನಿಂತಿದ್ದ ತಂದೆತಾಯಿಗೆ ಅವಳಿಗೆ ಊಟ ಕೊಡಬೇಕೆಂದು ನೆನಪಿಸಿದರು. ಅಷ್ಟು ದೊಡ್ಡ ಅದ್ಭುತದ ನಡುವೆಯೂ ಅವರ ಗಮನ ಆ ಹುಡುಗಿಯ ಹಸಿವಿನ ಮೇಲಿತ್ತು.

ಈ ಭಾನುವಾರ ಪೂಜೆ ಮುಗಿಸಿ ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ ನೋಡಿ. ಕೋಸಂಬರಿಯನ್ನು ಮಗುವೇ ಕಲಸಲಿ, ಊಟದ ಮುಂಚಿನ ಪ್ರಾರ್ಥನೆಯನ್ನೂ ಅದೇ ಹೇಳಲಿ. ಸೌತೆಕಾಯಿಗೆ ಸ್ತೋತ್ರ, ಕ್ಯಾರೆಟ್ಟಿಗೆ ಸ್ತೋತ್ರ, ಅಮ್ಮನಿಗೆ, ಬೆಕ್ಕಿಗೆ ಎಂದು ಅದು ಎಳೆಯುತ್ತಾ ಹೋದರೆ ಹೋಗಲಿ. ಸಾರು ಆರಿದರೆ ಮತ್ತೆ ಬಿಸಿ ಮಾಡಿಕೊಳ್ಳಬಹುದು.