ದೃಷ್ಟಿ ತೆಗೆದ ಮೇಲೆ

ನಂಬಿಕೆ ನಿಜವೋ ಸುಳ್ಳೋ ಎಂದು ವಾದಿಸುವುದರಲ್ಲಿ ನಾವು ಬಹಳ ಕಾಲ ಕಳೆದಿದ್ದೇವೆ. ಅದಕ್ಕಿಂತ ಹತ್ತಿರದ ಪ್ರಶ್ನೆಯೊಂದಿದೆ: ನನ್ನ ನಂಬಿಕೆಯ ಬೆಲೆ ತೆರುವವರು ಯಾರು?

ಆಯುಧಪೂಜೆಯ ಸಂಜೆ ಇಂದಿರಾನಗರದ ಬೀದಿಗಳನ್ನು ನೋಡಬೇಕು. ಕುಂಕುಮ ತುಂಬಿ ಒಡೆದ ಬೂದುಗುಂಬಳಕಾಯಿಯ ಹೋಳುಗಳು, ಗಾಲಿಗೆ ಸಿಕ್ಕಿ ಅಪ್ಪಚ್ಚಿಯಾದ ನಿಂಬೆಹಣ್ಣುಗಳು! ಲಕ್ಷಗಟ್ಟಲೆ ಬೆಲೆಯ ಕಾರಿಗೆ ಯಾರ ಕಣ್ಣೂ ತಾಗದಿರಲೆಂದು ಇಷ್ಟೆಲ್ಲ. ಕಾರಿಗೇನೋ ಕಣ್ಣು ತಾಗದು. ಹಿಂದೆ ಬರುವ ಸ್ಕೂಟರಿನವನು ಜಾರಿ ಬೀಳುತ್ತಾನೆ. ಮರುದಿನ ಬೆಳಕು ಹರಿಯುವ ಮುನ್ನ ಪೌರಕಾರ್ಮಿಕರು ಬಂದು ಅದನ್ನು ಬಾಚುತ್ತಾರೆ. ನಾವು ದಾಟಲೂ ಅಂಜುವ ವಸ್ತುವನ್ನು ಅವರು ಕೈಯಿಂದ ಮುಟ್ಟುತ್ತಾರೆ.

ಇದನ್ನು ಮೂಢನಂಬಿಕೆಯೆಂದು ಜರೆದು ಸುಮ್ಮನಾಗುವುದು ಸುಲಭ. ಆದರೆ ಒಡೆದ ಕಾಯನ್ನು ತುಳಿದವನಿಗೆ ದೋಷ ತಗಲುತ್ತದೆಂಬುದೂ ಅದೇ ನಂಬಿಕೆಯ ಭಾಗವಲ್ಲವೆ? ನಂಬದೆ ಒಡೆದವನು ಬೀದಿಗೆ ಕಸ ಹಾಕಿದನು, ಅಷ್ಟೆ. ಮನಸಾರೆ ನಂಬಿ ಒಡೆದವನಾದರೋ, ತನ್ನ ಕೇಡನ್ನು ತಿಳಿದೂ ತಿಳಿದೂ ದಾರಿಹೋಕನ ಕಾಲಿಗೆ ಕಟ್ಟಿದನು. ಶ್ರದ್ಧೆ ಪ್ರಾಮಾಣಿಕವಾದಷ್ಟೂ ತಪ್ಪು ದೊಡ್ಡದಾಗುತ್ತದೆ! ಶ್ರದ್ಧಾವಂತರು ಮನ್ನಿಸಬೇಕು; ತರ್ಕ ನನ್ನನ್ನು ಇಲ್ಲಿಗೇ ತಂದು ನಿಲ್ಲಿಸುತ್ತದೆ.

ಈ ಮನೋಧರ್ಮ ಹಳೆಯದು. ಬೇನೆ ಬಂದಾಗ ಮಾರಿಯನ್ನು ಊರಗಡಿ ದಾಟಿಸುವ ಪದ್ಧತಿ ನಮ್ಮ ಹಳ್ಳಿಗಳಲ್ಲಿತ್ತು. ಗಡಿಯಾಚೆಗೂ ಒಂದು ಊರಿದೆ, ಅಲ್ಲಿಯೂ ತೊಟ್ಟಿಲುಗಳಿವೆ ಎಂಬುದನ್ನು ಮೆರವಣಿಗೆಯ ತಮಟೆ ಮರೆಸುತ್ತಿತ್ತು. ಆದರೆ ಅವರಿಗೆ ಬೇನೆಯ ಕಾರಣ ತಿಳಿದಿರಲಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ, ಇಲಿಯ ಚಿಗಟವೇ ಅದನ್ನು ಹರಡುತ್ತದೆಂಬ ಮಾತು ವಿಜ್ಞಾನಿಗಳ ನಡುವೆಯೇ ಆಗತಾನೆ ಹುಟ್ಟುತ್ತಿತ್ತು. ದಿಕ್ಕುಗಾಣದ ಜನ ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಆ ಗುಡಿಯನ್ನು ಕಂಡು ನಗಲು ನನ್ನಿಂದಾಗದು. ಮಗುವನ್ನು ಕಳೆದುಕೊಂಡವಳು ಎಲ್ಲಿಯಾದರೂ ತಲೆಯಿಟ್ಟು ಅಳಬೇಕಷ್ಟೆ. ಕಾಯಿಲೆಯವರನ್ನು ಬೇರೆಡೆ ಒಯ್ಯುತ್ತಾರೆಂಬ ಭಯದಿಂದ ಮನೆಯೊಳಗೆ ಬಚ್ಚಿಟ್ಟ ಸಂಗತಿ ಬೇರೆ. ಅದರ ಫಲವನ್ನು ಉಂಡದ್ದು ನೆರೆಮನೆ. ಇಕ್ಕಟ್ಟು ಕಳೆಯಲೆಂದು ದಂಡಿನ ಪ್ರದೇಶದಲ್ಲಿ ಫ್ರೇಜರ್ ಟೌನಿನಂಥ ಬಡಾವಣೆಗಳು ಎದ್ದದ್ದು ಆ ಮಾರಿಯ ನಂತರ.

ಶಿವಾಜಿನಗರದ ಸೇಂಟ್ ಮೇರಿ ಬಸಿಲಿಕದಲ್ಲಿ ಸೆಪ್ಟೆಂಬರ್ 8ರಂದು ಆರೋಗ್ಯಮಾತೆಯ ಹಬ್ಬ. ಹರಕೆ ಹೊತ್ತವರು ಕಾವಿ ಉಟ್ಟು ಬರುತ್ತಾರೆ. ಅವರಲ್ಲಿ ಹಿಂದೂ ಹೆಂಗಸರೂ ಇದ್ದಾರೆ. ಮೇಣದ ಬತ್ತಿಯಿಂದ ಜ್ವರ ಇಳಿಯುವುದೇ ಎಂದು ನೀವು ಕೇಳಬಹುದು. ನನಗೂ ಸಂದೇಹವೇ. ಆದರೆ ಉಪವಾಸದಿಂದ ಬಸವಳಿಯುವುದು ಅವರದೇ ಮೈ. ಬತ್ತಿಯ ಹಣವೂ ಅವರದೇ.

ಕರ್ನಾಟಕದ 2017ರ ಕಾಯಿದೆ ಹೆಚ್ಚುಕಡಿಮೆ ಈ ಗೆರೆಯನ್ನೇ ಎಳೆಯಲು ಯತ್ನಿಸಿತು. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಎಂಜಲೆಲೆಯ ಮೇಲೆ ಉರುಳಿಸುವುದು ಅದರ ಪ್ರಕಾರ ಅಪರಾಧ; ಪೂಜೆ, ಜ್ಯೋತಿಷ, ವಾಸ್ತುಗಳ ಗೊಡವೆಗೆ ಅದು ಹೋಗಲಿಲ್ಲ. ಹೋಗದಿದ್ದುದೇ ವಿವೇಕವಿರಬಹುದು. ಆದರೆ ಕಾಯಿದೆ ಕಾಲಿಡಲಾರದ ಜಾಗ ನಮ್ಮ ಮನೆಗಳಲ್ಲಿ ಬೇಕಾದಷ್ಟಿದೆ. ಕೆ. ಆರ್. ಪುರದ ಕಡೆ ಹೊಸ ಮನೆಯ ಗೃಹಪ್ರವೇಶ. ಮಗ ಇಂಜಿನಿಯರು. ಬಾಗಿಲು ಪೂರ್ವಕ್ಕೆ, ಅಡುಗೆಮನೆ ಆಗ್ನೇಯಕ್ಕೆ, ಎಲ್ಲವೂ ಶಾಸ್ತ್ರೋಕ್ತ. ಗಂಡನನ್ನು ಕಳೆದುಕೊಂಡ ತಾಯಿ ಮಾತ್ರ ಹಾಲುಕ್ಕಿಸುವ ಹೊತ್ತಿಗೆ ಎದುರು ಬರಬಾರದೆಂದು ಒಳಕೋಣೆಯಲ್ಲಿ ಕುಳಿತಿದ್ದಾಳೆ. ನಿವೇಶನಕ್ಕೆ ಹಣ ಸಾಲದೆ ಬಂದಾಗ ಬಳೆ ಬಿಚ್ಚಿಕೊಟ್ಟವಳು ಅವಳೇ.